ಉಲ್ಟಾ ಹಾಕಬೇಕಿದ್ದ ಡಯೋಡು

ಇನ್ನೊಬ್ಬರಿಗೆ ಕಲಿಸುವ ವಿದ್ಯೆಯಷ್ಟು ಅಪಾಯದ್ದು ಬೇರೊಂದಿಲ್ಲ. ಕಲಿಸುತ್ತ ಕಲಿಸುತ್ತ ಅದು ನಮಗೂ ಬರುತ್ತದೆಂಬ ಭ್ರಮೆ ಹುಟ್ಟುತ್ತದೆ. ನಾಶಿಕದ ಹತ್ತಿರ ಓಝರಿನ ಕಾರ್ಖಾನೆಯಲ್ಲಿ ಹೊಸಬರಿಗೆ ಡಯೋಡುಗಳ ಪಾಠ ಹೇಳುವ ಕೆಲಸ ನನ್ನದಾಗಿತ್ತು. ಬೆಳಕು ಸೂಸುವ ಡಯೋಡು, ಬೆಳಕು ಬಿದ್ದರೆ ಎಚ್ಚರಾಗುವ ಡಯೋಡು, ಎಲ್ಲವನ್ನೂ ಅವಸರದಲ್ಲಿ ಮುಗಿಸಿ ನನ್ನ ಮುದ್ದಿನ ಝೀನರ್ ಡಯೋಡಿಗೆ ಬರುತ್ತಿದ್ದೆ. ಸಾದಾ ಡಯೋಡನ್ನು ನೆಟ್ಟಗೆ ಜೋಡಿಸಿದರೆ ಕರೆಂಟು ಬಿಡುತ್ತದೆ. ಇದನ್ನೋ ಉಲ್ಟಾ ಜೋಡಿಸಬೇಕು, ಮೈಮೇಲಿನ ಗೆರೆ ಪ್ಲಸ್ ಕಡೆಗೆ. ಆಗ ವೋಲ್ಟೇಜು ಎಷ್ಟೇ ಕುಣಿಯಲಿ, ಅದು ತನ್ನ ಮಟ್ಟ ಬಿಡುವುದಿಲ್ಲ. ನೆಟ್ಟಗೆ ಹಾಕಿದಿರೋ, ಒಂದು ವೋಲ್ಟೂ ಮುಂದಕ್ಕೆ ಸಿಕ್ಕುವುದಿಲ್ಲ. ನನ್ನ ಅಕ್ಷರವೋ ಕಾಗೆಕಾಲು ಗುಬ್ಬಿಕಾಲು. ಹಾಗಾಗಿ ಈ ಪಾಠವನ್ನೆಲ್ಲ ದುಂಡಗೆ ಬರೆದುಕೊಡುತ್ತಿದ್ದವಳು ನನ್ನ ಹೆಂಡತಿ ಶಾಂತಾ.

ಅವಳ ತಂಗಿ ಗಿರಿಜಾ ಗುಲಬರ್ಗಾ ರೇಡಿಯೋದಲ್ಲಿ ಮೊದಲ ಸಲ ಹಾಡುವವಳಿದ್ದಳು, ಸಂಜೆ ಏಳೂವರೆಗೆ. ನಮ್ಮ ಟ್ರಾನ್ಸಿಸ್ಟರಿನ ಸೆಲ್ಲುಗಳು ಮುಗಿದಿದ್ದವು.

"ನಾಲ್ಕು ಸೆಲ್ ತಂದ್ ಹಾಕ್ರಿ, ಸಾಕು," ಎಂದಳು ಶಾಂತಾ.

ಸೆಲ್ಲಂತೆ! ಡಯೋಡಿನ ಮಾಸ್ತರನ ಮನೆಯಲ್ಲಿ ಸೆಲ್ಲು! "ಮನೀ ಕರೆಂಟಿನ ಮ್ಯಾಲ ನಡಿಯೋ ಹಂಗ ಒಂದು ಪೆಟಗಿ ಮಾಡ್ತೀನಿ, ನೋಡ್ತಿರು," ಎಂದೆ. ಮೂರು ಸಂಜೆ ಕೂತು, ನಡುವೆ ನನ್ನ ಝೀನರನ್ನಿಟ್ಟು ಬೆಸುಗೆ ಹಾಕಿದೆ. ಹಾಡಿನ ದಿನ ಅಕ್ಕಪಕ್ಕದವರನ್ನೂ ಕರೆದೆ. ನಾದಿನಿಯ ಹಾಡು ಕೇಳಿಸಲೆಂದು ಹೇಳಿದೆ, ನಿಜವಾಗಿ ಪೆಟ್ಟಿಗೆ ತೋರಿಸಲೆಂದು. ಅದನ್ನು ಪರೀಕ್ಷಿಸಿ ನೋಡಿರಲಿಲ್ಲ. ಮಾಸ್ತರರು ಎಲ್ಲಾದರೂ ಪರೀಕ್ಷೆಗೆ ಕೂರುವುದುಂಟೇ?

ಏಳೂ ಇಪ್ಪತ್ತೈದಕ್ಕೆ ಗುಂಡಿ ತಿರುಗಿಸಿದೆ. ರೇಡಿಯೋ ಗಪ್‌ಚಿಪ್. "ಕಾಯ್ ಝಾಲಂ, ಮಾಸ್ತರ್?" ಎಂದು ಪಕ್ಕದ ಮನೆಯ ದೇಶಮುಖರು ಏನಾಯಿತೆಂದು ಮರಾಠಿಯಲ್ಲಿ ವಿಚಾರಿಸಿದರು. ಮಾಲೇಗಾಂವಿನ ವಿದ್ಯುತ್ ಮಗ್ಗಗಳೆಲ್ಲ ಒಮ್ಮೆಲೇ ಶುರುವಾಗಿ ಕರೆಂಟು ಎಳೆಯುತ್ತಿವೆ ಎಂದೆ. ನಮ್ಮ ತಲೆಯ ಮೇಲಿನ ಬಲ್ಬು ಝಗಝಗ ಉರಿಯುತ್ತಿತ್ತು.

ಶಾಂತಾ ಬಗ್ಗಿ ಪೆಟ್ಟಿಗೆಯೊಳಗೆ ನೋಡಿದಳು. "ಅಲ್ರೀ, ಇದರ ಗೆರಿ ಪ್ಲಸ್ ಕಡಿಗಿ ಇರಬೇಕಲ್ಲ? ಪಾಠದಾಗ ನಾನೇ ಬರದೀನಿ."

"ನಿನಗೇನ್ ತಿಳೀತದ, ಸುಮ್ಕಿರು," ಎಂದು ಗದರಿದೆ.

ಗದರಿದ ಮೇಲೆ ನೋಡಿದೆ. ಗೆರೆ ಮೈನಸ್ ಕಡೆಗಿತ್ತು. ಇಷ್ಟು ವರ್ಷ ಪಾಠ ಹೇಳಿದವನು ಒಂದು ದಿನವೂ ಅದನ್ನು ಕೇಳಿಸಿಕೊಂಡಿರಲಿಲ್ಲ. ಬೆಸುಗೆ ಕಡ್ಡಿ ಕಾಯಿಸಿ, ಕೈ ಸುಟ್ಟುಕೊಂಡು, ಝೀನರನ್ನು ತಿರುಗಿಸಿ ಹಾಕಿದೆ. ರೇಡಿಯೋ ಬಾಯಿಬಿಟ್ಟಿತು: "ಇಲ್ಲಿಯವರೆಗೆ ಹಾಡಿದವರು ಕುಮಾರಿ ಗಿರಿಜಾ." ಎಷ್ಟು ಸ್ಪಷ್ಟ! ಒಂದಿಷ್ಟೂ ಗೊರಗೊರ ಇಲ್ಲ. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ತರಲು ಒಳಗೆ ಹೋದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಮರುದಿನ ಅವಳು ಇನ್‌ಲ್ಯಾಂಡ್ ಪತ್ರವೊಂದನ್ನು ನನ್ನ ಮುಂದಿಟ್ಟಳು. "ಹಾಡು ಹ್ಯಾಂಗಿತ್ತು ಅಂತ ಅಕಿ ದಾರಿ ಕಾಯ್ತಿರ್ತಾಳ. ನೀವ ಬರೀರಿ."

ನಿಜ ಬರೆದರೆ ಮಾವನ ಮನೆಯಲ್ಲಿ ನನ್ನ ಮಾನ ಹರಾಜು. ಎರಡೂ ಹಾಡು ಸೊಗಸಾಗಿದ್ದವು, ಅದರಲ್ಲೂ ಎರಡನೆಯದಕ್ಕೆ ನಮ್ಮ ಓಣಿಯೇ ತಲೆದೂಗಿತು ಎಂದು ಬರೆದು ಹಾಕಿದೆ.

ವಾರದೊಳಗೆ ಗಿರಿಜಾಳ ಉತ್ತರ ಬಂತು. ದೇಶಮುಖರ ಮನೆಯವರೆಲ್ಲ ಕೂತಿದ್ದಾಗಲೇ ಶಾಂತಾ ಅದನ್ನು ಗಟ್ಟಿಯಾಗಿ ಓದಿದಳು: "ಮಾಮಾ, ನಾ ಹಾಡಿದ್ದು ಒಂದೇ ಹಾಡು. ಎರಡನೇದು ನೀವು ಹಾಡಿದ್ರೇನು?"