ಪಾಸಾದ ಗಗನಯಾತ್ರಿ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನಮ್ಮ ಮನೆಯವಳು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಶುದ್ಧ ಸುಳ್ಳು. ನನ್ನ ಸಿಟ್ಟು ಹೋಗುವುದೇ ಇಲ್ಲ. ಹೋಗದೆ ಇದ್ದದ್ದು ಮತ್ತೆ ಬರುವುದಾದರೂ ಎಲ್ಲಿಂದ? ಅದಿರಲಿ, ಆ ಭಾನುವಾರ ನಾನು ಕೂಗಾಡಿದ್ದಕ್ಕೆ ನ್ಯಾಯವಾದ ಕಾರಣವಿತ್ತು. ಅಟ್ಟದ ಮೇಲಿದ್ದ ನನ್ನ ವಿಡಿಯೋ ಗೇಮಿನ ಡಬ್ಬವನ್ನು ಅವಳು ಗುಜರಿಯವನ ತಕ್ಕಡಿಗೆ ಹಾಕಿದ್ದಳು, ಒಡೆದ ಬಕೆಟ್ಟಿನ ಜೊತೆ. (ಬಕೆಟ್ಟು ಮೇಲೆ, ನನ್ನ ಬಾಲ್ಯ ಅದರ ಕೆಳಗೆ.)

"ಇಳಿಸಯ್ಯ ಅದನ್ನ," ಎಂದು ಗುಡುಗಿದೆ.

ಗುಜರಿಯವನು ಹೆದರಿ ಬಕೆಟ್ಟು ಇಳಿಸಿದ.

"ಬಟ್ಟೆ ಗಂಟು ಇಡೋಕೆ ಜಾಗ ಇಲ್ಲ ರೀ," ಎಂದಳು. ಅವಳು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಾಳೆ. "ಮದುವೆ ಆದಾಗಿಂದ ನೋಡ್ತಿದ್ದೀನಿ. ಒಂದು ಕೆಲಸಕ್ಕೂ ಬರಲ್ಲ, ಕೂತ ಜಾಗಾನೂ ಬಿಡಲ್ಲ."

ಹೇಳುವಾಗ ಡಬ್ಬದ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ಲೇ, ನಾನು ಜನ್ಮದಲ್ಲಿ ಪಾಸಾಗಿರೋ ಪರೀಕ್ಷೆ ಅದೊಂದೇ ಕಣೇ."

ಇದು ಸತ್ಯ. ನಾನು ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಕೆಲಸದವನು. ಶಾಲೆಗೂ ನನಗೂ ಚಿಕ್ಕಂದಿನಲ್ಲೇ ಮಾತು ನಿಂತುಹೋಯಿತು. ನಮ್ಮಪ್ಪ ಸಿನಿಮಾ ಥಿಯೇಟರಿನಲ್ಲಿ ಗೇಟ್‌ಕೀಪರ್. ನಾನು ಶಾಲೆ ಬಿಟ್ಟ ವರ್ಷ ಅಲ್ಲೊಂದು ಆಕಾಶದ ಸಿನಿಮಾ ಬಂದಿತ್ತು: ಕೆಂಪು ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಕೊಂಡ ಗಗನಯಾತ್ರಿ, ಸುತ್ತ ಲೋಳೆಲೋಳೆ ಪ್ರಾಣಿಗಳು, ದೂರದಲ್ಲಿ ಅವನ ರಾಕೆಟ್ಟು. ನನಗೆ ವಿಪರೀತ ಜ್ವರ. ಜ್ವರ ಬಿಡುವಷ್ಟರಲ್ಲಿ ಸಿನಿಮಾ ಊರು ಬಿಟ್ಟಿತ್ತು. ನಾನು ಅತ್ತು ಮನೆ ಎತ್ತಿಹಾಕಿದೆ. ಅಪ್ಪ ಎಲ್ಲಿಂದಲೋ ಹಳೆಯ ಗೇಮಿನ ಡಬ್ಬ ಹೊಂದಿಸಿ ತಂದ. ಜೊತೆಗೆ ಒಂದೇ ಒಂದು ಕ್ಯಾಸೆಟ್ಟು. ಅದರ ಮೇಲೆ ಅದೇ ಗಗನಯಾತ್ರಿಯ ಚಿತ್ರ!

ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಸಿಕ್ಕಿಸಿದರೆ ಟಿ.ವಿ.ಯಲ್ಲಿ ಟುಂಯ್ ಟುಂಯ್ ಎಂದು ಸಂಗೀತ ಶುರು. ಹೆಬ್ಬೆರಳಷ್ಟು ಗಗನಯಾತ್ರಿ ಬಂಡೆಯಿಂದ ಬಂಡೆಗೆ ಕಪ್ಪೆಯ ಹಾಗೆ ನೆಗೆಯುತ್ತಿದ್ದ. ಅಪ್ಪ ಮಧ್ಯಾಹ್ನದ ಆಟಕ್ಕೆ ಹೋಗುವ ಮುಂಚೆ ಖಾಕಿ ಅಂಗಿ ತೊಟ್ಟು, ಟಾರ್ಚು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದಲ್ಲೇ ಕೂರುತ್ತಿದ್ದ.

"ಸಿನಿಮಾದಲ್ಲಿ ಅವನು ಇಷ್ಟೊಂದು ಹಾರಲಿಲ್ಲ ಕಣೋ," ಎನ್ನುತ್ತಿದ್ದ. "ಕಲ್ಲಿನ ಮೇಲೆ ಕೂತು ಹೆಂಡತೀನ ನೆನೆಸ್ಕೊಂಡು ಅಳ್ತಿದ್ದ. ಅಳೋ ಗುಂಡಿ ಇಲ್ವಾ ಇದರಲ್ಲಿ?"

ಅಳುವ ಗುಂಡಿ ಇರಲಿಲ್ಲ. ಆ ಕೆಲಸ ನಾನೇ ಮಾಡುತ್ತಿದ್ದೆ. ಕಟ್ಟಕಡೆಗೆ ಒಂದು ಬೆಂಕಿಯ ಹೊಂಡ, ಆಚೆ ದಡದಲ್ಲಿ ರಾಕೆಟ್ಟು. ಎಷ್ಟು ನೆಗೆದರೂ ಹೊಂಡಕ್ಕೇ ಬೀಳುತ್ತಿದ್ದ ಪುಣ್ಯಾತ್ಮ. ಒಂದು ದಿನ ಮಾತ್ರ ಅದ್ಭುತ ನಡೆಯಿತು. ನೆಗೆತದ ನಡುವೆ ನನ್ನ ಬೆವತ ಬೆರಳು ಜಾರಿ ಕಂಟ್ರೋಲರಿನ ನಡುವಿನ ಗುಂಡಿಗೆ ತಗುಲಿತು. ಸಂಗೀತ ನಿಂತಿತು. ಬೆಂಕಿ ನಿಂತಿತು. ಗಗನಯಾತ್ರಿ ಗಾಳಿಯಲ್ಲೇ ದೇವರಂತೆ ನಿಂತ. ಪರದೆಯ ನಡುವೆ ದೊಡ್ಡ ಅಕ್ಷರಗಳು ಮೂಡಿದವು. ನಾನು ಕೂಡಿಸಿ ಕೂಡಿಸಿ ಓದಿದೆ: ಪಾ...ಸ್. (ನಡುವೆ, ಕೊನೆಗೆ ಒಂದೆರಡು ಅಕ್ಷರ ಹೆಚ್ಚಿಗೆ ಇದ್ದವು. ಇಂಗ್ಲಿಷಿನವರಿಗೆ ಬೇಡದ ಅಕ್ಷರ ತುರುಕುವ ಚಾಳಿ ಇದೆಯಲ್ಲ, ಅದೇ ಅಂದುಕೊಂಡೆ.)

"ಅಪ್ಪಾ, ನಾನು ಪಾಸು."

ಪರದೆಯ ಮೇಲೆ ಅಕ್ಷರ ಬಂದರೆ ಬಾಗಿಲು ತೆಗೆಯುವುದು ಅಪ್ಪನ ಕಸುಬು. ಎದ್ದವನೇ ಹೋಗಿ ಮನೆಯ ಬಾಗಿಲಿನ ಎರಡೂ ಕದ ಅಗಲಕ್ಕೆ ತೆಗೆದ. ಬೀದಿಯಲ್ಲಿ ಹೋಗುತ್ತಿದ್ದವರಿಗೆಲ್ಲ, "ನಮ್ಮ ಹುಡುಗ ಪಾಸಾದ," ಎಂದ. ಯಾವುದರಲ್ಲಿ ಎಂದು ಯಾರೂ ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಆಮೇಲೆ ಸ್ವಿಚ್ಚು ಆರಿಸಿ, "ಇನ್ನು ಇದನ್ನ ಮುಟ್ಟಬೇಡ. ಪಾಸಾದೋರು ಮತ್ತೆ ಪರೀಕ್ಷೆ ಬರೀತಾರಾ?" ಎಂದು ಡಬ್ಬವನ್ನು ಟವೆಲಿನಲ್ಲಿ ಸುತ್ತಿಟ್ಟ. ಅಪ್ಪ ಈಗಿಲ್ಲ. ಟವೆಲು ಇದೆ.

ಇಷ್ಟನ್ನೂ ಬಾಗಿಲಲ್ಲೇ ನಿಂತು ಹೇಳಿದೆ. ಗುಜರಿಯವನು ಕಣ್ಣೊರೆಸಿಕೊಂಡ. ನಮ್ಮ ಮನೆಯವಳು ಮಾತ್ರ ಸೂಜಿಗೆ ದಾರ ಪೋಣಿಸುತ್ತಾ, "ಹಾಗಾದ್ರೆ ಈಗ ಆಡಿ ತೋರಿಸಿ," ಎಂದಳು. "ಪಾಸಾದ್ರೆ ಡಬ್ಬ ಟಿ.ವಿ. ಪಕ್ಕದಲ್ಲೇ ರಾಜನ ಹಾಗೆ ಇರಲಿ. ಇಲ್ದಿದ್ರೆ ಸಂಜೆ ತಕ್ಕಡಿಗೆ."

"ಸಂಜೆ ಬರ್ತೀನಿ ಅಕ್ಕ," ಎಂದು ಅವನು ಹೋದ.

ಕಾಲೇಜಿಗೆ ಹೋಗುವ ಮಗಳು ಅದೇನೋ ಸಣ್ಣ ಡಬ್ಬಿ ತಂದು ಹಳೇ ವೈರನ್ನು ಹೊಸ ಟಿ.ವಿ.ಗೆ ಹೊಂದಿಸಿದಳು. ನಾನು ಕ್ಯಾಸೆಟ್ಟಿಗೆ ಊದಿದೆ. ಟುಂಯ್ ಟುಂಯ್. ಅದೇ ಕೆಂಪು ಗ್ರಹ, ಅದೇ ಲೋಳೆ ಪ್ರಾಣಿಗಳು; ಅವುಗಳಿಗೆ ವಯಸ್ಸಾಗಿರಲಿಲ್ಲ. ನನಗಾಗಿತ್ತು. ಬೆಳಗಿನಿಂದ ಸತ್ತು ಸತ್ತು, ಊಟ ಬಿಟ್ಟು, ಸಂಜೆ ಗುಜರಿಯವನ ಕೂಗು ಬೀದಿಯ ತಿರುವಿನಲ್ಲಿ ಕೇಳುವ ಹೊತ್ತಿಗೆ ಬೆಂಕಿಯ ಹೊಂಡದ ದಡಕ್ಕೆ ಬಂದೆ.

"ಈಗ ನೋಡಿ. ಇಲ್ಲೊಂದು ಮರ್ಮ ಇದೆ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ," ಎಂದೆ. ನೆಗೆದೆ. ನಡುಗಾಳಿಯಲ್ಲಿ ನಡುವಿನ ಗುಂಡಿ ಒತ್ತಿದೆ. ಎಲ್ಲ ನಿಂತಿತು. ಅಕ್ಷರ ಮೂಡಿತು. ಕಂಟ್ರೋಲರ್ ಕೆಳಗಿಟ್ಟು, ಮೀಸೆ ನೇವರಿಸಿ, ಮನೆಯವಳ ಮುಖ ನೋಡಿದೆ.

ಮಗಳು ತುಟಿ ಕಚ್ಚಿಕೊಂಡಿದ್ದಳು. "ಅಪ್ಪ... ಅದು ಪಾಸಾಗೋ ಪಾಸ್ ಅಲ್ಲ. ತಡೆದು ನಿಲ್ಲಿಸೋ ಪಾಸ್, ಸ್ಪೆಲ್ಲಿಂಗೇ ಬೇರೆ. ಅಂದ್ರೆ, ಸ್ವಲ್ಪ ಇರು ಅಂತ."



"ಸ್ವಲ್ಪ ಇರು ಅಂತಾನಾ?"

"ಹೂಂ. ಇಂಟರ್‌ವಲ್ ಇದ್ದ ಹಾಗೆ."

ನನ್ನ ಕಣ್ಣ ಮುಂದೆ ಅಪ್ಪ ಬಂದ, ಎರಡೂ ಕದ ಹಿಡಿದು ನಿಂತವನು. "ಪಾಪ, ಅಪ್ಪ ಬೀದಿಗೆಲ್ಲ ಹೇಳಿಬಿಟ್ಟನಲ್ಲೇ," ಎಂದೆ.

ಮನೆಯವಳು ನಗುವವಳಿದ್ದಳು, ನಗಲಿಲ್ಲ. "ಮಾವ ಏನೂ ತಪ್ಪು ಮಾಡಲಿಲ್ಲ ಬಿಡಿ," ಎಂದಳು. "ಇಂಟರ್‌ವಲ್‌ಗೂ ಬಾಗಿಲು ತೆಗೀಲೇಬೇಕಲ್ಲ."

ನನಗೆ ಜೀವ ಬಂತು. ನಿಂತ ಆಟ ಮುಗಿಯಲೇಬೇಕಲ್ಲ! ಆಚೆ ದಡ ಕೂಗಳತೆಯಲ್ಲಿದೆ. ಅದೇ ಗುಂಡಿಯನ್ನು ಮತ್ತೆ ಒತ್ತಿದೆ. ಇಷ್ಟು ವರ್ಷ ಗಾಳಿಯಲ್ಲಿ ನಿಂತಿದ್ದ ಗಗನಯಾತ್ರಿ ನೆಟ್ಟಗೆ ಬೆಂಕಿಗೆ ಬಿದ್ದ. ಮತ್ತೆ ಅಕ್ಷರ ಬಂತು. 'ಗೇಮ್ ಓವರ್' ಎಂಬುದನ್ನು ಓದಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಬಾಗಿಲಿಗೆ ಬಂದ ಗುಜರಿಯವನಿಗೆ ನಾನೇ ಡಬ್ಬ ಎತ್ತಿಕೊಡಹೋದೆ. ಮನೆಯವಳು ನನ್ನ ಕೈಯಿಂದ ಕಿತ್ತುಕೊಂಡು ಟಿ.ವಿ. ಪಕ್ಕದಲ್ಲಿಟ್ಟಳು. ಅವನಿಗೆ ಬಕೆಟ್ಟು ಮಾತ್ರ ಸಿಕ್ಕಿತು.

"ಇರಲಿ ಬಿಡಿ," ಎಂದಳು. "ಇದರಿಂದ ನಂಗೊಂದು ಉಪಕಾರ ಆಗಿದೆ."

ಎಂಥ ಉಪಕಾರ ಎಂದು ಅವತ್ತು ನನಗೆ ಹೊಳೆಯಲಿಲ್ಲ. ನಿನ್ನೆ ಒಬ್ಬ ಗಿರಾಕಿ ನಾನು ಮಾಡಿದ ಗೇಟು ಸೊಟ್ಟಗಿದೆ ಎಂದ. ಮನೆಗೆ ಬಂದು ಕೈ ಮೇಲೆತ್ತಿ, ಅವನ ವಂಶವನ್ನು ಬುಡದಿಂದ ಹಿಡಿದು ಜಾಲಾಡಲು ಶುರು ಮಾಡಿದ್ದೆ. ಹೊಲಿಯುತ್ತಿದ್ದ ನಮ್ಮ ಮನೆಯವಳು ತಲೆಯೆತ್ತದೆ, ಹೆಬ್ಬೆರಳಿನಿಂದ ಗಾಳಿಯನ್ನು ಒತ್ತಿ, "ಪಾಸ್," ಎಂದಳು. ಡಬ್ಬ ಉಳಿಯಬೇಕಾದರೆ ಇದೇ ಕರಾರಂತೆ. ಕೈ ಮೇಲೆ, ಬಾಯಿ ತೆರೆದದ್ದು ತೆರೆದ ಹಾಗೆ, ಹಾಗೇ ನಿಂತೆ.

ಮಗಳು ನನ್ನ ಪಕ್ಕದಿಂದ ನುಸುಳಿ ಒಳಗೆ ಹೋದಳು. "ಅಮ್ಮ, ಅಪ್ಪನ್ನ ಯಾವಾಗ ಬಿಡ್ತೀಯಾ?"

"ಈ ಅಂಗಿ ತೋಳು ಮುಗೀಲಿ," ಎಂದಳು.

ಅಂಗಿಗೆ ಎರಡು ತೋಳು.