ಮಗಳ ಹುಳಕ ಹಲ್ಲು, ಮನಿಮಂದಿ ಧೈರ್ಯ

ನಮ್ಮ ಮನ್ಯಾಗ ಯಾರಿಗರ ಬ್ಯಾನಿ ಬಂತಂದ್ರ, ಆ ಬ್ಯಾನಿಗಿಂತ ಧೈರ್ಯ ಹೇಳವ್ರ ಕಾಟ ಜಾಸ್ತಿ. ವರ್ಷಕ್ಕ ಒಂದರ ಇಂಥಾದ್ದು ನಡದ ನಡೀತೈತಿ. ಈ ವರ್ಷ ಪಾಳಿ ಬಂದದ್ದು ನನ್ನ ಐದು ವರ್ಷದ ಮಗಳಿಗೆ.

ಅಕಿ ದವಡಿ ಹಲ್ಲು ಹುಳಕಾಗಿ ಗಲ್ಲ ಬಾತಿತ್ತು. ರೊಟ್ಟಿ ಹಾಲಾಗ ನೆನಸಿ ಕೊಟ್ರೂ ಅಗಿಯಾಕ ಬರ್ತಿದ್ದಿಲ್ಲ, ಕಣ್ಣಾಗ ನೀರು ತಂದು ಹಂಗ ನುಂಗತಿದ್ಲು. ನಾನು ಬೈಲಹೊಂಗಲದಾಗ ಮನ್ಯಾಗ ಕುಂತು ಬ್ಲೌಸ್ ಹೊಲಿಯಾಕಿ. ಹೊಲಿಗಿ ಒಂದು ದಿನ ಬದಿಗಿಟ್ರ ಹಲ್ಲಿನ ಕೆಲಸ ಮುಗೀತೈತಿ ಅಂತ ತಿಳದಿದ್ದೆ. ನಾಕು ಸಲ ಅಡ್ಡಾಡಿದ್ದಾತು. ಯಾರಿಂದ ಆತು ಅಂತ ಹೇಳತೇನಿ, ನೀವ ನ್ಯಾಯಾ ಮಾಡ್ರಿ.

೧. ಐಸ್‌ಕ್ರೀಮ್

ಮೊದಲನೇ ಸಲ ನಮ್ಮನಿಯವ್ರು ಮಗಳಿಗೆ ಖರೇ ಹೇಳಲಿಲ್ಲ. ಐಸ್‌ಕ್ರೀಮ್ ತಿನ್ನಾಕ ಹೋಗೂಣು ಅಂತ ಹೇಳಿ ಗಾಡಿ ಮ್ಯಾಲ ಕುಂದ್ರಿಸಿದ್ರು. ದಾರಿ ತುಂಬಾ ಅಕಿ ಯಾವ ಬಣ್ಣದ್ದು ಬೇಕು ಅಂತ ಹೇಳಕೋತ ಬಂದ್ಲು. ಗಾಡಿ ನಿಂತದ್ದು ಹಲ್ಲಿನ ದವಾಖಾನಿ ಮುಂದ. ಒಳಗ ನೋಡಿದ್ರ ಉದ್ದನ್ನ ಖುರ್ಚಿ, ಕಣ್ಣಿಗೆ ಹೊಡಿಯೂ ದೀಪ, ಮಾಸ್ಕ್ ಹಾಕ್ಕೊಂಡ ಡಾಕ್ಟರಬಾಯಾರು. ಐಸ್‌ಕ್ರೀಮ್ ಎಲ್ಲೈತಿ ಅಂತ ಹುಡುಗಿ ಕೇಳಿದ್ರ ನಮ್ಮನಿಯವ್ರು, ಬಾಯಿ ತಗಿ, ಇಲ್ಲೇ ಹಾಕ್ತಾರ ಅಂದ್ರು. ಇಂಥವ್ರಿಗೆ ಏನ ಅನ್ನಬೇಕ್ರಿ? ಹುಡುಗಿ ಬಾಯಿ ಮುಚ್ಚಿದ್ದು ಮುಚ್ಚೇ ಬಿಟ್ಲು. ಡಾಕ್ಟರಬಾಯಾರು ಅರ್ಧಾ ತಾಸು ರಮಿಸಿದ್ರು. ಕಡೀಕ ಬಾವು ಇಳಿಯಾಕ ಔಷಧ ಬರಕೊಟ್ಟು, ಮುಂದಿನ ವಾರ ಬರ್ರಿ ಅಂದ್ರು.

ಹೊರಗ ಬಂದ ಮ್ಯಾಲ ಇವರಿಗೆ ಪಶ್ಚಾತ್ತಾಪ ಆತು. ಮಗಳಿಗೆ ಮಾತು ಕೊಟ್ಟೇನಿ, ತಪ್ಪಬಾರದು ಅಂತ ಹೇಳಿ ನಾ ಬ್ಯಾಡ ಬ್ಯಾಡ ಅಂದ್ರೂ ಐಸ್‌ಕ್ರೀಮ್ ಕೊಡಿಸಿದ್ರು. ತಂಪು ಹುಳಕ ಹಲ್ಲಿಗೆ ತಾಗಿದ್ದ ತಡ, ಅಕಿ ಬಜಾರ ಪೂರಾ ಕೇಳೂವಂಗ ಚಿಟ್ಟನ ಚೀರಿದ್ಲು. ಒಳಗ ಅರ್ಧಾ ತಾಸು ತಗೀಲಾರದ ಬಾಯಿ ಅಲ್ಲಿ ಅಗದೀ ಪೂರಾ ತಗದಿದ್ಲು, ನೋಡಾಕ ಡಾಕ್ಟರ ಇದ್ದಿಲ್ಲ.

೨. ಹತ್ತಿ

ಎರಡನೇ ಸಲ ಎದುರು ಮನಿ ಅಕ್ಕಾರು ಜೋಡಿ ಬಂದ್ರು. ನಾ ಕರದಿದ್ದಿಲ್ಲ. ತಾವು ಹಲ್ಲು ಕೀಳಿಸಿದವ್ರು, ಹುಡುಗಿಗೆ ಧೈರ್ಯ ಹೇಳತೇನಿ ಅಂತ ತಾವ ಹೊಂಟು ನಿಂತಿದ್ರು. ದವಾಖಾನಿ ಬಾಂಕಿನ ಮ್ಯಾಲ ಕುಂತ ಕೂಡಲೆ ಸುರು. ಧಾರವಾಡದಾಗ ಇವರ ಹಲ್ಲು ಅರ್ಧಾ ಮುರದು ಬೇರು ಒಳಗ ಉಳದದ್ದು, ಇಬ್ಬರು ಹಿಡದದ್ದು, ಮೂರನೇದಾಂವ ಜಗ್ಗಿದ್ದು, ಎಲ್ಲಾ ಹೇಳಿ ಮುಗಿಸಿ, ನಿನಗ ಹಂಗೇನ ಆಗಾಂಗಿಲ್ಲ ಬಂಗಾರಿ ಅಂದ್ರು. ಹುಡುಗಿ ನನ್ನ ಸೆರಗಿನಾಗ ಮಾರಿ ಮುಚ್ಚಕೊಂಡ್ಲು.

ಬಾಜೂಕ ರಾಮದುರ್ಗದಿಂದ ಬಂದ ಅಜ್ಜ ಒಬ್ಬಾಂವ ಕುಂತಿದ್ದ. ಆಗಷ್ಟ ಹಲ್ಲು ಕೀಳಿಸಿದ್ದ. ಬಾಯಾಗ ಹತ್ತಿ ಕಚ್ಚಕೊಂಡಿದ್ದ, ತಾಸೊತ್ತು ಮಾತಾಡಬ್ಯಾಡ್ರಿ ಅಂತ ಡಾಕ್ಟರಬಾಯಾರು ಹೇಳಿದ್ರು. ಹುಡುಗಿ ಅಂಜೂದು ನೋಡಿ ಆಂವಗ ಕರುಳ ಚುರಕ್ ಅಂದಿರಬೇಕು. ಕೆಂಪಗಾದ ಹತ್ತಿ ಹೊರಗ ತಗದು, ಅಕಿ ಮೂಗಿನ ಮುಂದ ಹಿಡದು ಹೇಳಿದ: “ನೋಡ ಯವ್ವಾ, ನನಗೇನರ ಆಗೈತೇನು?”

ಹುಡುಗಿ ಬಾಂಕಿನ ಕೆಳಗ ಹೊಕ್ಕವಳು ಹೊರಗ ಬರಲಿಲ್ಲ. ನನ್ನ ನೆತ್ತಿ ಕಾಯ್ತು. ಹಿರೇರು ಅನ್ನೂದೂ ನೋಡದ, ಮೊದಲ ಅದನ್ನ ಬಾಯಾಗ ಇಟಗೋರಿ ಅಂತ ಜಬರಿಸಿದೆ. ಅಜ್ಜ ಸಿಟ್ಟಾದ. ಚಲೋದು ಹೇಳಾಕ ಹೋದ್ರ ಬೈಸಿಗೋಬೇಕಾತು ಅಂದ. ಅದನ್ನ ಹೇಳಾಕ ಮತ್ತ ಹತ್ತಿ ತಗದ.

೩. ಸವದತ್ತಿ ಬಸ್ಸು

ಮೂರನೇ ಸಲ ನಮ್ಮ ಮಾವನವ್ರು ಎದ್ದು ನಿಂತ್ರು. ನಿಮಗ್ಯಾರಿಗೂ ಕೂಸು ಸಂಭಾಳಿಸಾಕ ಬರೂದಿಲ್ಲ ಅಂತ ನನಗ, ಮಗಗ ಇಬ್ಬರಿಗೂ ಬೈದು, ಮಮ್ಮಗಳನ್ನ ಎತ್ತಗೊಂಡು ನಡದ್ರು. ಒಳಗ ಹೋಗಿ ಖುರ್ಚಿ ಮ್ಯಾಲ ತಾವ ಮಲಕೊಂಡ್ರು. ಅಜ್ಜ ಹೆಂಗ ಬಾಯಿ ತಗೀತಾನ ನೋಡ ಅಂತ ದೊಡ್ಡದಾಗಿ ಬಾಯಿ ತಗದ್ರು. ಹುಡುಗಿ ತುದಿಗಾಲ ಮ್ಯಾಲ ನಿಂತು ನೋಡಾಕ ಹತ್ತಿದ್ಲು. ಅಕಿ ಮಾರಿ ಮ್ಯಾಲಿನ ಅಂಜಿಕಿ ಇಳದಿದ್ದು ಅವತ್ತ ಮೊದಲ. ನನಗ ಜೀವದಾಗ ಜೀವ ಬಂತು.

ಡಾಕ್ಟರಬಾಯಾರು ಚಮಚೆಯಂಥಾ ಕನ್ನಡಿ ಒಳಗ ಹಾಕಿ ನೋಡಿ, ಅಜ್ಜಾರ, ನಿಮ್ಮವ ಎರಡು ಪೂರಾ ಕೆಟ್ಟಾವು, ಹೆಂಗೂ ಮಲಗೀರಿ, ಇವತ್ತ ತಗದ ಬಿಡೂಣು ಅಂದ್ರು. ಮಾವನವ್ರು ಎದ್ದ ಕುಂತ್ರು. ಸವದತ್ತಿ ಬಸ್ಸಿನ ಹೊತ್ತಾತು ಅಂದ್ರು. ಸವದತ್ತ್ಯಾಗ ಇವರಿಗೆ ಅವತ್ತ ಯಾವ ಕೆಲಸಾನೂ ಇದ್ದಿಲ್ಲ. ಹೇಳಿದ ಮಾತಿಗೆ ಖರೇನ ಬಸ್ ಹತ್ತಿ ಅಲ್ಲಿರೂ ತಮ್ಮ ಮಗಳ ಮನಿಗೆ ಹೋಗಿ, ಎರಡು ದಿನ ಬಿಟ್ಟು ಬಂದ್ರು. ಮನಿಗೆ ಬಂದು ಚಪ್ಪಲಿ ಬಿಡೂಕಿಂತ ಮೊದಲ ನನಗ ಕೇಳಿದ್ದು, ಕೂಸಿನ ಹಲ್ಲು ಇನ್ನೂ ತೋರಿಸಿಲ್ಲೇನು, ಎಂಥಾ ತಾಯಿ ನೀನು ಅಂತ.

೪. ನಾಲಗಿ

ನಾಕನೇ ಸಲ ಗಂಡಸರನ್ನ ದೂರ ಇಟ್ಟೆ. ಅತ್ತಿಯವ್ರು ಮಾತ್ರ ಬ್ಯಾಡಂದ್ರೂ ಬಂದ್ರು. ಡಾಕ್ಟರಬಾಯಾರು ನನ್ನ ಬಾಜೂಕ ಕರದು, ಇವತ್ತೂ ಬಾಯಿ ತಗೀಲಿಲ್ಲಂದ್ರ ಕೀವು ದವಡಿಗೆ ಇಳೀತೈತಿ, ಬೆಳಗಾವಿಗೆ ಒಯ್ದು ಎಚ್ಚರ ತಪ್ಪಿಸಿ ಹಲ್ಲ ಕೀಳಿಸಬೇಕಾಕ್ಕೈತಿ ಅಂದ್ರು. ಇಷ್ಟ ಸಣ್ಣ ಕೂಸಿಗೆ ಅದೆಲ್ಲಾ ಯಾಕ ಬೇಕಾಗಿತ್ತ್ರಿ?

ಡಾಕ್ಟರಬಾಯಾರು ಮಾಸ್ಕ್ ತಗದ್ರು. ಉದ್ದನ್ನ ಖುರ್ಚ್ಯಾಗ ಕುಂತಿದ್ದ ಹುಡುಗಿ ಬಾಜೂಕ ಸಣ್ಣ ಸ್ಟೂಲ ಮ್ಯಾಲ ಕುಂತು, ನಾ ಏನ ಮಾಡತೇನಂತ ನಿನಗ ಅಂಜಿಕಿ ಹೇಳವ್ವಾ ಅಂತ ಕೇಳಿದ್ರು. ನಾಕು ವಾರದಾಗ ಇದನ್ನ ಯಾರೂ ಅಕಿಗೆ ಕೇಳಿದ್ದಿಲ್ಲ. ಬಾಯಿ ಮ್ಯಾಲಿನ ಕೈ ತಗೀಲಾರದ ಹುಡುಗಿ ಹೇಳಿದ್ಲು:

“ಬಾಯಿ ತಗದ್ರ ನಾಲಗಿ ಹೊಲೀತೀರಿ.”

ನನಗ ಎಲ್ಲಿತ್ತೋ ಸಿಟ್ಟು. ಅತ್ತಿಯವ್ರ ಕಡೆ ತಿರಗಿ ಮನಸಿನಾಗ ಇದ್ದದ್ದೆಲ್ಲಾ ಅಂದಬಿಟ್ಟೆ. ಕೂಸಿಗೆ ಇಂಥಾದ್ದು ಹೇಳಾಕ ನಿಮಗ ಬಾಯಿ ಹೆಂಗ ಬಂತು, ನಿಮ್ಮ ಮನಿಮಂದಿಗೆ ಬುದ್ಧಿ ಯಾವಾಗ ಬರತೈತಿ, ಅನ್ನಾಕ ಬಾಕಿ ಏನೂ ಇಡಲಿಲ್ಲ. ಡಾಕ್ಟರಬಾಯಾರು, ಯಾರ ಹೇಳಿದ್ರವ್ವಾ ಅಂತ ಕೇಳಿದ್ರು. ಹುಡುಗಿ ನನ್ನ ಕಡೆ ಬಟ್ಟ ಮಾಡಿ ತೋರಿಸಿದ್ಲು.

“ಅವ್ವ ಹೇಳ್ಯಾಳ. ಎದುರು ಮಾತಾಡಿದ್ರ ಡಾಕ್ಟರ ನಾಲಗಿ ಹೊಲೀತಾರ, ಸೂಜಿ ದಾರಾ ನಾನ ಕೊಡತೇನಿ ಅಂದಾಳ.”

ಅಂದಿದ್ದೆ. ಗಡಿಬಿಡ್ಯಾಗ ಯಾರದೋ ಬ್ಲೌಸಿಗೆ ಹುಕ್ಕ ಹಚ್ಚಕೋತ ಅಂದಿದ್ದೆ. ನಾಚಿಕಿಗೆ ನೆಲಾ ನೋಡಿದೆ. ಆಮ್ಯಾಲ ಅಕಿ ಮುಂದ ಕುಂತು, ಅದು ಸುಳ್ಳವ್ವಾ, ತಪ್ಪು ನಂದ, ಯಾರೂ ನಾಲಗಿ ಹೊಲ್ಯಾಂಗಿಲ್ಲ ಅಂದೆ. ಅಕಿ ವಿಚಾರ ಮಾಡಿದ್ಲು. ಸುಳ್ಳ ಹೇಳಿದವ್ರು ಕಿವಿ ಹಿಡಕೊಂಡು ಹತ್ತು ಬಸ್ಕಿ ಹೊಡೀಬೇಕು ಅಂತ ಮನ್ಯಾಗ ಕಾಯ್ದೆ ಮಾಡಿದಾಕಿ ನಾನ.

“ಹಂಗಾರ ಹೊಡಿ,” ಅಂದ್ಲು.

ಡಾಕ್ಟರಬಾಯಾರ ಕಡೆ ನೋಡಿದೆ. ಅವರು ಕೈಗೆ ಗ್ಲೌಸ್ ಏರಿಸಕೋತ ಗ್ವಾಡಿ ನೋಡಾಕ ಹತ್ತಿದ್ರು. ಪರದೆ ಆಚೆ ಬಾಂಕಿನ ತುಂಬಾ ಮಂದಿ. ನಿರಿಗಿ ಎತ್ತಿ ಸಿಗಿಸಿ, ಕಿವಿ ಹಿಡಕೊಂಡೆ. ಅತ್ತಿಯವ್ರು ತಾವು ಕುಂತಿದ್ದ ಖುರ್ಚಿ ಮುಂದ ಜಗ್ಗಿ ನೆಟ್ಟಗ ಕುಂತು ಎಣಿಸಾಕ ಸುರು ಮಾಡಿದ್ರು. ಮೂರನೇ ಬಸ್ಕಿಗೆ ನನ್ನ ಮೊಣಕಾಲು ಲಟಕ್ ಅಂತು. ಹುಡುಗಿ ಖೊಕ್ಕ ಅಂತ ನಕ್ಕಳು, ದವಡಿತನಾ ಬಾಯಿ ತಗದು ನಕ್ಕಳು. ಅಷ್ಟರಾಗ ಡಾಕ್ಟರಬಾಯಾರ ಕನ್ನಡಿ ಒಳಗ ಹೋಗಿತ್ತು.

ಹತ್ತಕ್ಕ ನಾ ಏದುಸಿರು ಬಿಡಕೋತ ನಿಂತೆ. ಹುಡುಗಿ ನಗೂದು ಕಮ್ಮಿ ಆತು, ಬಾಯಿ ಮುಚ್ಚಾಕ ಹತ್ತಿತು.

“ನಿಲ್ಲಬ್ಯಾಡ್ರಿ ಅಕ್ಕಾರ,” ಡಾಕ್ಟರಬಾಯಾರು ತಲಿ ಎತ್ತಲಾರದ ಹೇಳಿದ್ರು. “ಇನ್ನ ಔಷಧ ತುಂಬೂದೈತಿ.”

ಅತ್ತಿಯವ್ರು ಮತ್ತ ಒಂದರಿಂದ ಎಣಿಸಾಕ ಸುರು ಮಾಡಿದ್ರು.