ಮಾಮಾನ ಲೆಕ್ಕ ತಪ್ಪಿದ ದಿನ

ನನ್ನ ಸೋದರಮಾವನಿಗೆ ದೇವರಲ್ಲಿ ನಂಬಿಕೆ ಇತ್ತೋ ಇಲ್ಲವೋ ಹೇಳಲಾರೆ. ಆದರೆ ವೋಲ್ಟೇಜನ್ನು ಆಂಪಿಯರಿನಿಂದ ಗುಣಿಸದೆ ಆತ ಊಟಕ್ಕೆ ಕೂತದ್ದನ್ನು ನಾನು ಕಂಡಿಲ್ಲ!

ಪವಾಯಿಯ ಹೊಸ ಕಟ್ಟಡಗಳಿಗೆ ವೈರ್ ಎಳೆಯುವುದು ಮಾಮಾನ ಕೆಲಸ. ಕಲಿತದ್ದು ನಾಲ್ಕನೆಯ ಇಯತ್ತೆ. ಹೈಸ್ಕೂಲು ಮುಗಿಸಿದ ನನಗೆ ಓಮನ ನಿಯಮ ತಲೆಗೆ ಹತ್ತಿದ್ದು ಈತನಿಂದಲೇ, ಅದೂ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತುವಾಗ.

"ಹಿಂದಿಂದ ದೂಕ್ತಾರಲ್ಲ, ಅದು ವೋಲ್ಟೇಜು. ಒಳಗ ಹೋಗೋ ಮಂದಿ ಕರೆಂಟು."

"ರೆಸಿಸ್ಟನ್ಸು ಯಾವುದು ಮಾಮಾ?"

"ಬಾಗಲದಾಗ ಅಡ್ಡ ನಿಂತು ಪ್ರಶ್ನೆ ಕೇಳ್ತಾನಲ್ಲ, ಅವ!"

ನನ್ನ ಮದುವೆಗೆ ಎಲ್ಲರೂ ಸ್ಟೀಲಿನ ಪಾತ್ರೆ ಕೊಟ್ಟರೆ ಈತ ಕೊಟ್ಟದ್ದು ಅರವತ್ತು ವ್ಯಾಟಿನ ಒಂದು ಬಲ್ಬು! ಡಬ್ಬಿಯ ಮೇಲೆ 'ಕಾಲು ಆಂಪಿಯರಿಗಿಂತ ತುಸು ಹೆಚ್ಚು' ಎಂಬ ಬರಹ ಬೇರೆ. ಹೆಂಡತಿ ಅದನ್ನು ಆಶೀರ್ವಾದವೆಂದು ತಿಳಿದು ಕಣ್ಣಿಗೊತ್ತಿಕೊಂಡಳು.

ಇದುವರೆಗೆ ನಕ್ಕಿರಿ. ಇನ್ನು ನನ್ನ ತಪ್ಪು ಹೇಳುತ್ತೇನೆ.

ನಾನೂ ಮಾಮಾನೂ ಇದ್ದ ಚಾಳಿನಲ್ಲಿ ಹತ್ತು ಬಾಡಿಗೆ ಖೋಲಿ, ಎಲ್ಲಕ್ಕೂ ಸೇರಿ ಐದು ಆಂಪಿಯರಿನ ಒಂದೇ ಫ್ಯೂಸು. ಕಿಟಕಿಯಿಲ್ಲದ ಖೋಲಿಗೊಂದು ಬಲ್ಬು ಮಾತ್ರ, ಅದು ಹಗಲೂ ಉರಿಯಬೇಕು. ಕರೆಂಟ್ ಒಲೆ ಹಚ್ಚಿದವರು ಖೋಲಿ ಖಾಲಿ ಮಾಡಬೇಕು, ಮಾಲೀಕನ ಕಾನೂನು. ಫ್ಯೂಸ್ ಪೆಟ್ಟಿಗೆಯ ಚಾವಿ ಮಾಮಾನ ಕೊರಳ ದಾರದಲ್ಲಿ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ!

ಆಗ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಬಾಣಂತಿ, ಹದಿನೈದು ದಿನದ ಕೂಸು. ಬಿಸಿನೀರು ಬೇಡವೇ? ಕದ್ದು ಒಂದು ಕರೆಂಟ್ ಒಲೆ ತಂದೆ. ದಿನಾ ಬೆಳಿಗ್ಗೆ ಏಳಕ್ಕೆ ಫ್ಯೂಸು ಹಾರತೊಡಗಿತು. ಮಾಲೀಕನ ಪರವಾಗಿ ಬಾಡಿಗೆ ಎತ್ತುವ ಮುಕಾದಮ ಎಲ್ಲರನ್ನೂ ಅಂಗಳಕ್ಕೆ ಕರೆಸಿದ.

ಮಾಮಾ ಲೆಕ್ಕದ ಚೀಟಿ ಬಿಚ್ಚಿದ. "ಹತ್ತು ಬಲ್ಬಿಗೆ ಆರ್ನೂರು ವ್ಯಾಟು. ಇನ್ನೂರಾ ಮೂವತ್ತು ವೋಲ್ಟಿನಿಂದ ಭಾಗಿಸ್ರಿ, ಮೂರು ಆಂಪಿಯರ್ ಸೈತ ಆಗಂಗಿಲ್ಲ. ಐದರ ಫ್ಯೂಸು ಯಾಕ ಹಾರ್ತೈತಿ? ಯಾರದೋ ಖೋಲ್ಯಾಗ ಸಾವಿರ ವ್ಯಾಟು ಅಡಗಿ ಕುಂತೈತಿ!"

"ಹಂಗಾದ್ರ ಎಲ್ಲಾ ಖೋಲಿ ತಪಾಸ್ ಮಾಡೂಣು," ಎಂದ ಮುಕಾದಮ.

ಅಷ್ಟರಲ್ಲಿ ನಮ್ಮ ಖೋಲಿಯಲ್ಲಿ ಕೂಸು ಅತ್ತಿತು. ಮಾಮಾ ಒಮ್ಮೆ ಆ ಬಾಗಿಲು ನೋಡಿದ, ಒಮ್ಮೆ ಚೀಟಿ ನೋಡಿದ.

"ತಡೀರಿ. ನನ್ನ ಲೆಕ್ಕ ತಪ್ಪೈತಿ. ಫ್ಯೂಸಿಗೆ ನಾನೇ ಸಣ್ಣ ತಂತಿ ಹಾಕೀನಿ."

ಮಾಮಾನ ಬಾಯಲ್ಲಿ 'ತಪ್ಪೈತಿ'! ಚಾಳೆಲ್ಲ ಗೊಳ್ಳೆಂದು ನಕ್ಕಿತು. "ಚಾವಿ ಕಸ್ಕೊಳ್ಳೂಣು ಅನ್ನೋರು ಕೈ ಎತ್ರಿ," ಎಂದ ಮುಕಾದಮ. ಎಲ್ಲರಿಗಿಂತ ಮೊದಲು ಎದ್ದ ಕೈ ನನ್ನದು. ನನ್ನ ಮೇಲೆ ಯಾರಿಗೂ ಸಂಶಯ ಬರಬಾರದಲ್ಲ!

ಮರುದಿನ ಬೆಳಿಗ್ಗೆ ಮಾಮಾ ನಮ್ಮ ಖೋಲಿಗೆ ಬಂದು ಕದ ಹಾಕಿಕೊಂಡ. ಚೀಲದಿಂದ ಇನ್ನೊಂದು ಕರೆಂಟ್ ಒಲೆ ತೆಗೆದು, ಮಂಚದ ಕೆಳಗಿನ ನನ್ನದನ್ನು ತಾನೇ ಎಳೆದುಕೊಂಡ.

"ಮಾಮಾ, ನಿನಗ ಹೆಂಗ..."

"ಸಾವಿರ ವ್ಯಾಟು ಐತಿ ಅಂತ ಲೆಕ್ಕ ಹೇಳ್ತು. ಎಲ್ಲೈತಿ ಅಂತ ಕೂಸು ಹೇಳ್ತು." ಎರಡು ಒಲೆಗಳ ತಂತಿಯನ್ನು ಒಂದರ ಬಾಲಕ್ಕೆ ಒಂದು ಕಟ್ಟಿದ. "ಐವತ್ಮೂರು ಓಮಿಗೆ ಇನ್ನೊಂದು ಐವತ್ಮೂರು. ರೆಸಿಸ್ಟನ್ಸು ಡಬಲ್, ಕರೆಂಟು ಅರ್ಧ. ಬಲ್ಬಿಂದು ಕೂಡಿಸಿದ್ರೂ ಐದು ದಾಟಂಗಿಲ್ಲ. ನೀರು ಎರಡೂ ಒಲಿಗೆ ಹಂಚಿ ಇಡು, ಕಾಯಾಕ ಎರಡು ಪಟ್ಟು ಹೊತ್ತು ಹಿಡಿತೈತಿ, ಅಷ್ಟ."

ನಾನು ಕೈ ಎತ್ತಿದ ಮಾತು ತೆಗೆಯಹೋದೆ.

"ಸುಮ್ನ ನೀರು ನೋಡು ಅಳಿಯಾ," ಎಂದು ಮಾಮಾ ಕೂಸನ್ನು ಎತ್ತಿಕೊಂಡ. ಕೂಸು ಆತನ ಕೊರಳಲ್ಲಿ ಚಾವಿಯಿಲ್ಲದೆ ಉಳಿದ ಬರೀ ದಾರವನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತಿತ್ತು.

ಈಗ ಆ ಚಾಳೂ ಇಲ್ಲ, ಮಾಮಾನೂ ಇಲ್ಲ. ಅಂಗಳದಲ್ಲಿ ಹೇಳಬೇಕಿದ್ದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ: ಮಾಮಾನ ಲೆಕ್ಕ ಆ ದಿನವೂ ತಪ್ಪಿರಲಿಲ್ಲ.